ಮಂಜೂರಾತಿ ಇಲ್ಲದೆ ಗೋಲು ತಡೆದ ಬಗ್ಗೆ

ಮಕ್ಕಳ ಧಾರಾವಾಹಿ ವಿಭಾಗ
(ಎರಡನೇ ಮಹಡಿ, ಮೆಟ್ಟಿಲು ಹತ್ತಿ ಬಲಕ್ಕೆ. ಎಡಕ್ಕೆ ಹೋದರೆ ಹವಾಮಾನ ವಾರ್ತೆ.)

ಸಂಖ್ಯೆ: ಮಧಾವಿ / ಗೋಲು / ತಡೆ / ೬
ದಿನಾಂಕ: ಮೊದಲ ಪುಟ ಬುಧವಾರ, ಉಳಿದದ್ದು ಶುಕ್ರವಾರ, ಊಟದ ಬಿಡುವಿಗೆ ಮೊದಲು

ಸುತ್ತೋಲೆ

ವಿಷಯ: "ಚುರುಕಿಯ ಚೆಂಡು" ಮಕ್ಕಳ ಧಾರಾವಾಹಿಯ ಕೊನೆಯ ಸಂಚಿಕೆಯಲ್ಲಿ, ಚಿತ್ರಕಥೆಯ ಪ್ರಕಾರ ಬಲೆಯೊಳಗೆ ಹೋಗಬೇಕಾಗಿದ್ದ ಪೆನಾಲ್ಟಿ ಚೆಂಡನ್ನು ಎದುರು ತಂಡದ ಗೋಲ್‌ಕೀಪರ್ ಮಂಜೂರಾತಿ ಇಲ್ಲದೆ ಸತತ ಆರು ಬಾರಿ ತಡೆದಿರುವ ಬಗ್ಗೆ.

ಉಲ್ಲೇಖ:
(೧) ಚಿತ್ರಕಥೆ, ಸಂಚಿಕೆ ೨೬, ಪುಟ ೧೧: "ಚೆಂಡು ಬಲೆಗೆ ಬೀಳುತ್ತದೆ. ಎಲ್ಲರೂ ಕುಣಿಯುತ್ತಾರೆ."
(೨) ನಿರ್ದೇಶಕರ ದೂರವಾಣಿ ಕರೆ, ಬುಧವಾರ ಮಧ್ಯಾಹ್ನ. (ಕರೆಯಲ್ಲಿ ಬಳಕೆಯಾದ ಕೆಲವು ಪದಗಳನ್ನು ಕಡತಕ್ಕೆ ಸೇರಿಸಿಲ್ಲ.)
(೩) ಮುಖ್ಯಸ್ಥರ ಮೌಖಿಕ ಆದೇಶ: "ಏನಾದ್ರೂ ಒಂದು ಬರೀರಿ, ಖಡಕ್ಕಾಗಿರ್ಲಿ."

ಪ್ರಸ್ತಾವನೆ: ಸದರಿ ಧಾರಾವಾಹಿಯು ಚುರುಕಿ ಎಂಬ ಹನ್ನೊಂದು ವರ್ಷದ ಪ್ರತಿಭಾವಂತ ಫುಟ್‌ಬಾಲ್ ಆಟಗಾರ್ತಿಯ ಕಥೆಯಾಗಿರುತ್ತದೆ. ಚುರುಕಿ ಚೆಂಡು ಮುಟ್ಟಿದರೆ ಗೋಲು. ಇದರ ಹೊರತಾಗಿ ಬೇರೆ ಕಥೆ ಇರುವುದಿಲ್ಲ. ಇಪ್ಪತ್ತೈದು ಸಂಚಿಕೆಗಳಲ್ಲಿ ಚುರುಕಿ ಇಪ್ಪತ್ತೈದು ತಂಡಗಳ ವಿರುದ್ಧ ನಲವತ್ತೊಂದು ಗೋಲು ಹೊಡೆದಿರುತ್ತಾಳೆ. ತಂಡಗಳು ಇಪ್ಪತ್ತೈದಾದರೂ ಗೋಲ್‌ಕೀಪರ್ ಒಬ್ಬಳೇ. ವಾರ ವಾರ ಆಕೆಯ ಅಂಗಿಯ ಬಣ್ಣ ಬದಲಾಗಿದೆ, ಮುಖ ಬದಲಾಗಿಲ್ಲ. ಅಂಗಿ ಹೊಲಿಯುವ ವಿಭಾಗದ ದರ್ಜಿಯಮ್ಮನ ಮಗಳೇ ಆಕೆಯಾದ್ದರಿಂದ ಅಳತೆ ತೆಗೆಯುವ ಶ್ರಮವೂ ಉಳಿದಿರುತ್ತದೆ. ಮೊಣಕೈವರೆಗೆ ಬರುವ ದೊಡ್ಡವರ ಗ್ಲೌಸು ತೊಡುವ ಕಾರಣ ಆಕೆಯನ್ನು ಎಲ್ಲರೂ ಗ್ಲೌಸಮ್ಮ ಎಂದು ಕರೆಯುವುದು ವಾಡಿಕೆ. ಹಾಜರಿ ಪುಸ್ತಕದಲ್ಲಿ ಆಕೆಯ ಹುದ್ದೆ "ಗೋಲು ಬಿಡುವವರು (ತಾತ್ಕಾಲಿಕ)" ಎಂದು ಸ್ಪಷ್ಟವಾಗಿ ನಮೂದಾಗಿದ್ದರೂ, ಬುಧವಾರ ಬೆಳಿಗ್ಗೆ ಆಕೆ ಹುದ್ದೆಯ ಪರಿವೆಯಿಲ್ಲದೆ ಚೆಂಡು ಹಿಡಿದಿರುತ್ತಾಳೆ. ಒಮ್ಮೆಯಲ್ಲ, ಆರು ಸಲ.

ಆದ್ದರಿಂದ ಸಂಬಂಧಪಟ್ಟ ಎಲ್ಲರಿಗೂ ಈ ಮೂಲಕ ಸೂಚಿಸಲಾಗಿದೆ ಏನೆಂದರೆ:

೧. ಇನ್ನು ಮುಂದೆ "ಗೋಲು" ಎಂದರೆ ಚಿತ್ರಕಥೆಯಲ್ಲಿ ನಮೂದಾಗಿರುವ ಗೋಲು ಎಂದು ಮಾತ್ರ ಅರ್ಥೈಸತಕ್ಕದ್ದು. ಬರೆದಿದ್ದೂ ಬೀಳದ ಗೋಲನ್ನು "ಬೀಳಲಿರುವ ಗೋಲು" ಎಂದು ಕರೆಯತಕ್ಕದ್ದು.

೨. ಗೋಲು ತಡೆಯಲು ಇಚ್ಛಿಸುವವರು ನಮೂನೆ "ತಡೆ-೧"ರಲ್ಲಿ, ಮೂರು ಪ್ರತಿಗಳಲ್ಲಿ, ಏಳು ಕೆಲಸದ ದಿನಗಳ ಮುಂಚಿತವಾಗಿ ಅರ್ಜಿ ಸಲ್ಲಿಸತಕ್ಕದ್ದು. ಚೆಂಡು ಒದ್ದ ನಂತರ ಅರ್ಜಿ ಬಂದಲ್ಲಿ, ತೀರ್ಮಾನ ಆಗುವವರೆಗೆ ಚೆಂಡು ಗಾಳಿಯಲ್ಲೇ ಇರತಕ್ಕದ್ದು. ಆ ಏಳು ದಿನ ಚೆಂಡಿನ ಕೆಳಗೆ ಯಾರೂ ನಿಲ್ಲಬಾರದು.

೩. ಗೋಲ್‌ಕೀಪರ್ ಜಿಗಿಯುವ ದಿಕ್ಕನ್ನು ಕೆಳಕಂಡಂತೆ ನಿಗದಿಪಡಿಸಲಾಗಿದೆ:
(ಅ) ಚೆಂಡು ಎಡಕ್ಕೆ ಬಂದಲ್ಲಿ ಬಲಕ್ಕೆ.
(ಆ) ಬಲಕ್ಕೆ ಬಂದಲ್ಲಿ ಎಡಕ್ಕೆ.
(ಇ) ನೇರವಾಗಿ ಎದೆಗೇ ಬಂದಲ್ಲಿ ಶೂ ಲೇಸು ಕಟ್ಟಿಕೊಳ್ಳಲು ಬಗ್ಗತಕ್ಕದ್ದು. ಲೇಸಿಲ್ಲದ ಶೂ ಆದಲ್ಲಿ ಸೀನತಕ್ಕದ್ದು. ಸೀನು ಬಾರದವರು ಮೇಕಪ್ ಕೋಣೆಯಿಂದ ಒಂದು ಚಿಟಿಕೆ ಪೌಡರ್ ಪಡೆದು, ಡಬ್ಬಿಯನ್ನು ಅಲ್ಲೇ ಹಿಂತಿರುಗಿಸತಕ್ಕದ್ದು.

೪. ಚಿತ್ರೀಕರಣದ ವೇಳೆ ವಿಭಾಗದ ಟೇಬಲ್ ಫ್ಯಾನಿನಿಂದ ಹೊರಟ ಗಾಳಿಯೊಂದೇ ಅಧಿಕೃತ ಗಾಳಿ. ತನ್ನಷ್ಟಕ್ಕೆ ತಾನು ಬೀಸಿ ಚೆಂಡಿನ ದಿಕ್ಕು ತಪ್ಪಿಸುವ ಗಾಳಿಯನ್ನು ಹದ್ದುಬಸ್ತಿನಲ್ಲಿಡುವಂತೆ ಎಡಗಡೆಯ ಹವಾಮಾನ ವಾರ್ತೆಯವರಿಗೆ ಪತ್ರ ಬರೆಯಲಾಗಿತ್ತು. "ಗಾಳಿ ಬರುತ್ತೆ ಅಂತ ಹೇಳೋದಷ್ಟೇ ನಮ್ಮ ಕೆಲಸ, ಬೇಡ ಅನ್ನೋದಲ್ಲ" ಎಂದು ಅವರು ಕೈ ತೊಳೆದುಕೊಂಡಿರುತ್ತಾರೆ.

೫. ಮೈದಾನದ ಪ್ರೇಕ್ಷಕರಲ್ಲಿ ಅರವತ್ತು ಮಂದಿ ರಟ್ಟಿನವರು, ಹನ್ನೆರಡು ಮಂದಿ ಜೀವಂತ. ಬುಧವಾರದ ಆರನೇ ತಡೆಗೆ ಜೀವಂತ ಪ್ರೇಕ್ಷಕರು ಎದ್ದು ನಿಂತು ಚಪ್ಪಾಳೆ ತಟ್ಟಿದ್ದು, ವ್ಯಾನಿನ ಡ್ರೈವರ್ ಎರಡು ಬೆರಳು ಬಾಯಿಗಿಟ್ಟು ಸಿಳ್ಳೆ ಹೊಡೆದದ್ದು ಗಮನಕ್ಕೆ ಬಂದಿದೆ. ರಟ್ಟಿನ ಪ್ರೇಕ್ಷಕರು ಮಾತ್ರ ಬೆಳಿಗ್ಗೆಯಿಂದ ಸಂಜೆಯವರೆಗೆ ಒಂದೇ ಭಂಗಿಯಲ್ಲಿ, ಒಂದೇ ನಗುವಿನಲ್ಲಿ ಶಿಸ್ತು ಕಾಪಾಡಿರುತ್ತಾರೆ. ಸಿಬ್ಬಂದಿ ವರ್ಗ ಅವರಿಂದ ಕಲಿಯತಕ್ಕದ್ದು.

೬. ಗುರುವಾರ ಬೆಳಕು ಇರುವುದರೊಳಗೆ ಸದರಿ ಗ್ಲೌಸಮ್ಮ ಸದರಿ ಚೆಂಡನ್ನು ಬಿಡತಕ್ಕದ್ದು. ತಪ್ಪಿದಲ್ಲಿ ಆಕೆಯನ್ನು ಧಾರಾವಾಹಿಯಿಂದ ಕೈಬಿಟ್ಟು, ರಟ್ಟಿನ ಪ್ರೇಕ್ಷಕರಲ್ಲಿ ಹಿರಿಯರೊಬ್ಬರನ್ನು ಬಡ್ತಿ ನೀಡಿ ಗೋಲಿನಲ್ಲಿ ನಿಲ್ಲಿಸಲಾಗುವುದು. ಈ ಕುರಿತ ನೋಟಿಸನ್ನು ಹಿರಿಯ ಗುಮಾಸ್ತರು ಖುದ್ದಾಗಿ ಮೈದಾನಕ್ಕೆ ಹೋಗಿ ಜಾರಿ ಮಾಡತಕ್ಕದ್ದು.

(ಪುಟ ೨)

೭. ಯಾವುದೇ ಸುತ್ತೋಲೆಯ ಮೊದಲ ಪುಟವನ್ನು ಓದಿ, ಕೊನೆಯ ಪುಟಕ್ಕೆ ಸಹಿ ಹಾಕುವುದು ಈ ವಿಭಾಗದ ಮುಖ್ಯಸ್ಥರ ಪದ್ಧತಿ. ನಡುವಿನ ಪುಟಗಳು ಹದಿನೇಳು ವರ್ಷಗಳಿಂದ ಹಿರಿಯ ಗುಮಾಸ್ತರ ಪಾಲಿಗೆ ಬಂದಿವೆ. ಅವರು ಈ ಸ್ವಾತಂತ್ರ್ಯವನ್ನು ಇದುವರೆಗೆ ಒಮ್ಮೆಯೂ ಬಳಸಿಕೊಂಡಿರಲಿಲ್ಲ. ನಡುವಿನ ಪುಟಗಳಲ್ಲೂ ಮೊದಲ ಪುಟದಂಥದ್ದನ್ನೇ ಬರೆದು ಬರೆದು ಬೆರಳು ಸವೆಸಿದ್ದರು. ಈ ಸಲ ಹಾಗಾಗುವುದಿಲ್ಲ. ಗುರುವಾರ ಮೈದಾನದಲ್ಲಿ ನಡೆದದ್ದನ್ನು ನಡೆದ ಹಾಗೇ ಇಲ್ಲಿ ದಾಖಲಿಸಲಾಗಿದೆ. ಓದುವವರು ಕುರ್ಚಿ ಎಳೆದುಕೊಂಡು ಕೂರಬಹುದು.

೮. ಗುಮಾಸ್ತರು ಗುರುವಾರ ಮಧ್ಯಾಹ್ನ ಮೂರಕ್ಕೆ ನೋಟಿಸು, ಸ್ವೀಕೃತಿ ಪುಸ್ತಕ, ಎರಡು ಪೆನ್ನು ಸಮೇತ ಮೈದಾನ ತಲುಪಿದರು. ಈ ವಿಭಾಗದ ಒಂದೇ ಒಂದು ಧಾರಾವಾಹಿಯನ್ನೂ ಅವರು ನೋಡಿದವರಲ್ಲ. ಮೈದಾನಕ್ಕೆ ಕಾಲಿಟ್ಟದ್ದೂ ಅದೇ ಮೊದಲು. ಪಾಲಿಶ್ ಹಾಕಿದ ಬೂಟು ಎರಡೇ ಹೆಜ್ಜೆಗೆ ಕೆಸರಿನಲ್ಲಿ ಹೂತು, "ಅಯ್ಯೋ ಇದರ!" ಎಂದು ಬೈದುಕೊಂಡೇ ಗೋಲಿನ ಹತ್ತಿರ ಬಂದರು. ಗ್ಲೌಸಮ್ಮ ಕಂಬಕ್ಕೆ ಒರಗಿ ನಿಂತಿದ್ದಳು. ಸ್ವೀಕೃತಿ ಪುಸ್ತಕ ಮುಂದೆ ಹಿಡಿದರೆ, ಗ್ಲೌಸಿನಲ್ಲಿ ಪೆನ್ನು ನಿಲ್ಲದು. ಗ್ಲೌಸು ಬಿಚ್ಚೋಣವೆಂದರೆ ಅಮ್ಮ ಅದನ್ನು ಮಣಿಕಟ್ಟಿಗೆ ದಾರ ಹಾಕಿ ಹೊಲಿದೇಬಿಟ್ಟಿದ್ದಾರೆ. ಗುಮಾಸ್ತರು ವಿಧಿಯಿಲ್ಲದೆ ನೋಟಿಸನ್ನು ಗಟ್ಟಿಯಾಗಿ ಓದಿ ಹೇಳಿದರು. ಹುಡುಗಿ ಪೂರ್ತಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದಳು: "ಸಾರ್, ರಟ್ಟಿನೋರು ಡೈವ್ ಹೇಗೆ ಹೊಡೀತಾರೆ?" ಈ ಅಂಶ ಮೊದಲ ಪುಟ ಬರೆಯುವಾಗ ಗುಮಾಸ್ತರಿಗೆ ಹೊಳೆದಿರಲಿಲ್ಲ.

೯. ಗೋಲು ತಡೆದ ಕಾರಣ ವಿಚಾರಿಸಲಾಗಿ, ಸದರಿ ಹುಡುಗಿ ಮೌಖಿಕವಾಗಿ ಕೊಟ್ಟ ವಿವರಣೆಯನ್ನು ಒಂದಕ್ಷರವೂ ತಿದ್ದದೆ ಕೆಳಗೆ ನೀಡಿದೆ:

"ನಾನು ಸ್ಕೂಲ್ ಟೀಮಲ್ಲಿ ಗೋಲ್‌ಕೀಪರ್ ಸಾರ್. ಅಂದ್ರೆ, ಇದ್ದೆ. ನಮ್ಮ ಡ್ರಿಲ್ ಮೇಷ್ಟ್ರು ಪ್ರತಿ ಶುಕ್ರವಾರ ಮನೆಮಂದಿ ಎಲ್ಲರ ಜೊತೆ ಕೂತು ಈ ಧಾರಾವಾಹಿ ನೋಡ್ತಾರೆ. ಸೋಮವಾರ ಎಲ್ಲರ ಮುಂದೆ ನಿಲ್ಲಿಸಿ, 'ನಲವತ್ತೊಂದು ಬಿಟ್ಟಿದ್ದೀಯಲ್ಲಮ್ಮ, ನಾನೇ ಎಣಿಸಿದ್ದೀನಿ. ಶನಿವಾರದ ಮ್ಯಾಚಿಗೆ ನಿನ್ನನ್ನ ಯಾವ ಧೈರ್ಯದ ಮೇಲೆ ನಿಲ್ಲಿಸಲಿ?' ಅಂದ್ರು. 'ಅದು ನಾಟಕ ಸಾರ್, ಬಿಡು ಅಂತಾರೆ, ಬಿಡ್ತೀನಿ' ಅಂದೆ. 'ಬಿಟ್ಟು ಬಿಟ್ಟು ಕೈಗೆ ಅದೇ ಅಭ್ಯಾಸ ಆಗಿರುತ್ತೆ' ಅಂದ್ಬಿಟ್ರು. ಈಗ ನನ್ನ ಜಾಗದಲ್ಲಿ ಇನ್ನೊಬ್ಳು ನಿಲ್ತಾಳೆ. ಪಾಪ, ಅವಳಿಗೆ ಚೆಂಡು ಬಂದ್ರೆ ಭಯ, ಕಣ್ಣು ಮುಚ್ಕೊಂಡ್ಬಿಡ್ತಾಳೆ. ನಾಳೆ ಕೊನೇ ಸಂಚಿಕೆ ಸಾರ್. ಮೇಷ್ಟ್ರು ನೋಡೇ ನೋಡ್ತಾರೆ. ನಾನು ಒಂದೇ ಒಂದು ಹಿಡಿದಿದ್ದು ಅವರ ಕಣ್ಣಿಗೆ ಬೀಳ್ಲಿ. ಆಮೇಲೆ ನೀವು ರಟ್ಟನ್ನಾದ್ರೂ ನಿಲ್ಲಿಸ್ಕೊಳ್ಳಿ, ಹಲಗೆನಾದ್ರೂ ನಿಲ್ಲಿಸ್ಕೊಳ್ಳಿ."

ಇಲ್ಲಿ ನಮೂದಿಸುವುದೇನೆಂದರೆ, ಇದನ್ನು ಕೇಳಿ ಗುಮಾಸ್ತರಿಗೆ ಸಿಟ್ಟು ನೆತ್ತಿಗೇರಿತು. ಧಾರಾವಾಹಿಯಲ್ಲಿ ಡಾಕ್ಟರ ಪಾತ್ರ ಮಾಡಿದವರ ಹತ್ತಿರ ಈ ಮೇಷ್ಟ್ರು ಹೊಟ್ಟೆನೋವಿಗೆ ಔಷಧಿ ಕೇಳಲೂ ಹಿಂಜರಿಯುವವರಲ್ಲ ಎಂದು ಅವರಿಗೆ ಅನ್ನಿಸಿತು. ಮರುಗಳಿಗೆಯೇ, ಆ ನಲವತ್ತೊಂದು ಗೋಲುಗಳ ಪಟ್ಟಿಯನ್ನು ಪ್ರತಿವಾರ ಬೆರಳಚ್ಚು ಮಾಡಿ ಮೈದಾನಕ್ಕೆ ಕಳುಹಿಸಿದವರು ತಾವೇ ಎಂದು ನೆನಪಾಯಿತು.

೧೦. ಅಷ್ಟರಲ್ಲಿ ದರ್ಜಿಯಮ್ಮ ಕುತ್ತಿಗೆಯಲ್ಲಿ ಅಳತೆ ಪಟ್ಟಿ ನೇತುಹಾಕಿಕೊಂಡೇ ಓಡಿಬಂದರು. "ತಪ್ಪು ನಂದು ಸಾರ್. 'ಸುಮ್ನೆ ನಿಂತ್ರೆ ಸಾಕು, ಚೆಂಡು ಬಂದಾಗ ಅತ್ಲಾಗೆ ಬಿದ್ರೆ ಆಯ್ತು' ಅಂದಿದ್ರು, ಸೇರಿಸ್ಬಿಟ್ಟೆ. ಸೋಮವಾರದಿಂದ ಮನೇಲಿ ಸರಿಯಾಗಿ ಊಟ ಮಾಡ್ತಿಲ್ಲ ಇವ್ಳು. ಗೋಡೆಗೆ ಚೆಂಡು ಹೊಡೆಯೋದು, ಹಿಡಿಯೋದು, ಹೊಡೆಯೋದು, ಹಿಡಿಯೋದು. ಪಕ್ಕದ ಮನೆಯವ್ರು ಬಂದು ಜಗಳ ಆಡಿ ಹೋದ್ರು." ಹೀಗೆಂದು ಮಗಳ ಕಡೆ ತಿರುಗಿ, "ಬಿಟ್ಬಿಡೇ ಒಂದು, ನನ್ನ ಕೆಲಸಕ್ಕೂ ಸಂಚಕಾರ ತರ್ಬೇಡ" ಎಂದರು. ಮಗಳು ನೆಲ ನೋಡುತ್ತ ನಿಂತಳು.

೧೧. ಉತ್ತರ ಕೊಟ್ಟವಳು ಚುರುಕಿ, ಅಂದರೆ ಆ ಪಾತ್ರ ಮಾಡುವವಳು. ಕ್ಯಾಮೆರಾ ಇರಲಿ ಬಿಡಲಿ ಚೆನ್ನಾಗಿ ಆಡುವ ಹುಡುಗಿ ಅದು. ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಬಂದು ಹೇಳಿದ್ದು: "ಅಂಕಲ್, ಅವಳು ಬಿಟ್ರೆ ನಾನು ಒದೆಯೋದೇ ಇಲ್ಲ. ನಲವತ್ತೊಂದು ಗೋಲು ಹೊಡೆದೆ ಅಂತ ಬೀದೀಲೆಲ್ಲ ನನ್ನ ಹೆಸರು ಕೂಗ್ತಾರೆ. ನಂಗೆ ನಾಚ್ಕೆ ಆಗುತ್ತೆ. ಅವಳು ಅತ್ಲಾಗೆ ಬೀಳೋದು, ನಾನು ಇತ್ಲಾಗೆ ಹೊಡೆಯೋದು. ಒಂದಾದ್ರೂ ನಾನೇ ಹೊಡೆದಿದ್ದು ಅಂತ ಇರ್ಬೇಡ್ವಾ?" ನಿರ್ದೇಶಕರು ಟೊಪ್ಪಿ ತೆಗೆದು ನೆಲಕ್ಕೆ ಬಡಿದು, "ಇಬ್ರೂ ಸೇರಿ ನನ್ನ ಜೀವ ಹಿಂಡ್ತಿದ್ದಾರೆ ಸಾರ್. ನಾಳೆ ಸಂಜೆ ಪ್ರಸಾರ, ಇವತ್ತು ಐದೂವರೆಗೆ ಬೆಳಕು ಹೋಗುತ್ತೆ" ಎಂದರು. ಆಗ ಎಲ್ಲರೂ ಗುಮಾಸ್ತರ ಮುಖ ನೋಡಿದರು, ನೋಟಿಸು ಇರುವವರ ಕೈಯಲ್ಲಿ ಏನೋ ಅಧಿಕಾರವೂ ಇರುತ್ತದೆಂಬ ನಂಬಿಕೆಯಿಂದ. ಗುಮಾಸ್ತರು ನೋಟಿಸನ್ನು ನಾಲ್ಕು ಮಡಿಕೆ ಮಡಿಸಿ ಜೇಬಿಗೆ ಹಾಕಿಕೊಂಡು, "ಐದೂವರೆವರೆಗೆ ಟೈಮಿದೆಯಲ್ಲ, ಆಡ್ಲಿ ಬಿಡಿ" ಎಂದರು. ಇದಕ್ಕೆ ಯಾವ ನಿಯಮದ ಆಧಾರವೂ ಇರುವುದಿಲ್ಲ.

೧೨. ಏಳನೇ ಟೇಕ್: ಚೆಂಡು ಎಡ ಮೂಲೆಗೆ. ಗ್ಲೌಸಮ್ಮ ಎಡಕ್ಕೆ. ಹಿಡಿದಳು.

೧೩. ಎಂಟನೇ ಟೇಕ್: ಚುರುಕಿ ಬಲಕ್ಕೆ ನೋಡಿ, ಬಲಕ್ಕೆ ಓಡಿ, ಮಧ್ಯಕ್ಕೆ ಒದ್ದಳು. ಗ್ಲೌಸಮ್ಮ ಆಗಲೇ ವಾಲಿಬಿಟ್ಟಿದ್ದವಳು ಕಾಲು ಚಾಚಿ ಹಿಮ್ಮಡಿಯಲ್ಲಿ ತಡೆದಳು. ಈ ಸಂದರ್ಭದಲ್ಲಿ ಯಾರೋ "ಹಿಡೀ! ಹಿಡೀಯೇ! ಭಲೇ ನನ್ ಮಗ್ಳೇ!" ಎಂದು ಕೂಗಿದ್ದು ಧ್ವನಿಮುದ್ರಣದಲ್ಲಿ ಸ್ಪಷ್ಟವಾಗಿ ಕೇಳುತ್ತಿದ್ದು, ಆ ಯಾರೋ ಗುಮಾಸ್ತರೇ ಎಂದು ತನಿಖೆಯಿಂದ ತಿಳಿದುಬಂದಿದೆ. ಗುಮಾಸ್ತರು ಈ ಬಗ್ಗೆ ತಮ್ಮಿಂದ ತಾವೇ ವಿವರಣೆ ಕೇಳಿ, ತಾವೇ ಬರೆದುಕೊಟ್ಟು, ತೃಪ್ತಿಕರವೆಂದು ತಾವೇ ಷರಾ ಬರೆದು ಕಡತ ಮುಚ್ಚಿರುತ್ತಾರೆ.

೧೪. ಒಂಬತ್ತನೇ ಟೇಕ್: ಹಿಡಿದಳು. ಚುರುಕಿ "ಥೂ!" ಎಂದಳು. ಇಬ್ಬರೂ ನಕ್ಕರು. ಆಗ ಗಂಟೆ ಐದು ಇಪ್ಪತ್ತು.

೧೫. ಹತ್ತನೇ ಟೇಕ್. ಚುರುಕಿ ಚೆಂಡನ್ನು ಮೂರು ಸಲ ಇಟ್ಟು ಮೂರು ಸಲ ತೆಗೆದಳು. ಮೈದಾನದಲ್ಲಿ ಜೀವಂತ ಪ್ರೇಕ್ಷಕರೂ ರಟ್ಟಿನವರಂತೆ ನಿಂತುಬಿಟ್ಟರು. ಓಡಿ ಬಂದು ಒದ್ದಳು ನೋಡಿ, ಚೆಂಡು ಮೇಲಿನ ಬಲ ಮೂಲೆಗೆ ಕಣ್ಣು ಮಿಟುಕಿಸುವಷ್ಟರಲ್ಲಿ ಹೊರಟಿತು. ಗ್ಲೌಸಮ್ಮನೂ ಅಲ್ಲಿಗೇ ಹಾರಿದಳು, ಸರಿಯಾದ ದಿಕ್ಕಿಗೆ, ಸರಿಯಾದ ಹೊತ್ತಿಗೆ, ಇದ್ದಬದ್ದ ಮೈಯನ್ನೆಲ್ಲ ಚಾಚಿ. ಗ್ಲೌಸಿನ ತುದಿ ಚೆಂಡನ್ನು ಸವರಿದ್ದು ಎಲ್ಲರಿಗೂ ಕಂಡಿತು. ಚೆಂಡು ಬಲೆಗೆ ಬಿತ್ತು. ಅದು ನಿಜವಾದ ಗೋಲು, ಯಾರೂ ಬಿಟ್ಟುಕೊಡದ, ಯಾರ ಮಂಜೂರಾತಿಯೂ ಬೇಡದ ಗೋಲು. ಚಿತ್ರಕಥೆಯಲ್ಲಿ ಚುರುಕಿ ಈ ಹೊತ್ತಿನಲ್ಲಿ ಆಕಾಶ ನೋಡಿ ಕಣ್ಣು ಒರೆಸಿಕೊಳ್ಳಬೇಕಿತ್ತು. ಅವಳು ಅದನ್ನೆಲ್ಲ ಮರೆತು ನೇರ ಓಡಿಹೋಗಿ ಕೆಸರಲ್ಲಿ ಬಿದ್ದಿದ್ದ ಗ್ಲೌಸಮ್ಮನನ್ನು ತಬ್ಬಿಕೊಂಡು ಉರುಳಾಡಿದಳು. ನಿರ್ದೇಶಕರು ಕಟ್ ಹೇಳುವುದನ್ನು ಮರೆತರು. ಗುಮಾಸ್ತರಿಗೆ ಬಹಳ ಸಂತೋಷವಾಯಿತು. ಸಂತೋಷವನ್ನು ನಮೂದಿಸಲು ವಿಭಾಗದಲ್ಲಿ ಯಾವ ನಮೂನೆಯೂ ಇಲ್ಲದ ಕಾರಣ ಇಲ್ಲೇ ಬರೆಯಲಾಗಿದೆ.

೧೬. ದೀಪಗಳನ್ನು ಬಿಚ್ಚುವಾಗ ಗ್ಲೌಸಮ್ಮ ಗುಮಾಸ್ತರ ಹತ್ತಿರ ಬಂದಳು. ಅಮ್ಮ ದಾರ ಕತ್ತರಿಸಿ ಗ್ಲೌಸು ಬಿಚ್ಚಿದ್ದರು. ಒಳಗಿದ್ದ ಕೈ ಎಷ್ಟು ಚಿಕ್ಕದೆಂದು ಗುಮಾಸ್ತರು ಆಗಲೇ ನೋಡಿದ್ದು. "ನಾಳೆ ಇದನ್ನೇ ತೋರಿಸ್ತಾರೆ, ಅಲ್ವಾ ಸಾರ್? ಹತ್ತನೇದು?" ಹೌದು ಎಂದರು. "ಹಂಗಾದ್ರೆ ಮೇಷ್ಟ್ರ ಲೆಕ್ಕದಲ್ಲಿ ನಲವತ್ತೆರಡಾಯ್ತು" ಎಂದಳು. ಅಳಲಿಲ್ಲ. ಅತ್ತಿದ್ದರೆ ಗುಮಾಸ್ತರು ಏನಾದರೂ ಸಮಾಧಾನ ಹೇಳಿ ಮನೆಗೆ ಹೋಗಿ ಮಲಗುತ್ತಿದ್ದರೇನೋ. "ಸ್ವೀಕೃತಿಗೆ ಸಹಿ ಹಾಕ್ಬೇಕಿತ್ತಲ್ಲ ಸಾರ್, ಈಗ ಹಾಕ್ತೀನಿ, ಪೆನ್ನು ಕೊಡಿ" ಎಂದು ಕೈ ಚಾಚಿದಳು. ಗುಮಾಸ್ತರು ಪೆನ್ನು ಕೊಡಲಿಲ್ಲ. ಬೆಳಿಗ್ಗೆ ಪರೀಕ್ಷಿಸಿದಾಗ ಸದರಿ ನೋಟಿಸು ಜೇಬಿನಲ್ಲೇ ಒಗೆತಕ್ಕೆ ಹೋಗಿ ಮುದ್ದೆಯಾಗಿದ್ದು, ಅದನ್ನು ಜಾರಿಯಾಗಿಲ್ಲವೆಂದು ಪರಿಗಣಿಸಲಾಗಿದೆ.

೧೭. ವಿಭಾಗದ ನಿಯಮಾವಳಿಯ ಪ್ರಕಾರ, ಪ್ರಸಾರಕ್ಕೆ ಬಾರದ ಟೇಕ್‌ಗಳನ್ನು "ಸಂಬಂಧಪಟ್ಟವರ ಅವಗಾಹನೆಗೆ ಕಳುಹಿಸಿ, ನಂತರ ಅಳಿಸತಕ್ಕದ್ದು." ಸಂಬಂಧಪಟ್ಟವರು ಯಾರು ಎಂದು ಇಷ್ಟು ವರ್ಷ ಯಾರೂ ಕೇಳಿರಲಿಲ್ಲ, ಎಲ್ಲರೂ ಅಳಿಸುವುದನ್ನಷ್ಟೇ ಮಾಡುತ್ತಿದ್ದರು. ಈ ಪ್ರಕರಣದಲ್ಲಿ ಸಂಬಂಧಪಟ್ಟವರು ಯಾರೆಂದು ಗುಮಾಸ್ತರು ಗುರುವಾರ ಮನೆಗೆ ಹೋಗುವ ಬಸ್ಸಿನಲ್ಲೇ ತೀರ್ಮಾನಿಸಿರುತ್ತಾರೆ. ಒಂದರಿಂದ ಒಂಬತ್ತರವರೆಗಿನ ಟೇಕ್‌ಗಳನ್ನು ಶುಕ್ರವಾರ ಬೆಳಿಗ್ಗೆ ಒಂದು ಪೆನ್‌ಡ್ರೈವಿಗೆ ಹಾಕಿಸಿ, ಲಕೋಟೆಗೆ ಅರಗು ಹಚ್ಚಿ, ಅರ್ಧ ದಿನದ ರಜೆ ಬರೆದಿಟ್ಟು ಶಾಲೆಗೆ ನಡೆದೇ ಹೋಗಿ ಬಂದಿರುತ್ತಾರೆ.

೧೮. ಈ ಸುತ್ತೋಲೆಯು ಹೊರಟ ಕ್ಷಣದಿಂದ ಜಾರಿಗೆ ಬಂದು, ಧಾರಾವಾಹಿಯ ಚಿತ್ರೀಕರಣ ನಿನ್ನೆಯೇ ಮುಗಿದಿರುವುದರಿಂದ ಅದೇ ಕ್ಷಣಕ್ಕೆ ರದ್ದಾಗತಕ್ಕದ್ದು.

ಸಹಿ/-
ಮುಖ್ಯಸ್ಥರು, ಮಕ್ಕಳ ಧಾರಾವಾಹಿ ವಿಭಾಗ
("ಚೆನ್ನಾಗಿ ಖಡಕ್ಕಾಗಿದೆ" ಎಂದು ಮೊದಲ ಪುಟದ ಅಂಚಿನಲ್ಲಿ ಷರಾ ಇದೆ.)

ಪ್ರತಿಗಳು:

೧. ನಿರ್ದೇಶಕರಿಗೆ, ಟೊಪ್ಪಿ ಸಮೇತ. ಮೈದಾನದಲ್ಲಿ ಬಿಟ್ಟು ಹೋಗಿದ್ದರು.

೨. ಹವಾಮಾನ ವಾರ್ತೆ ವಿಭಾಗಕ್ಕೆ. ಗುರುವಾರ ಗಾಳಿ ಬೀಸದೆ ಸಹಕರಿಸಿದ್ದಕ್ಕೆ ಧನ್ಯವಾದಗಳೊಂದಿಗೆ.

೩. ರಟ್ಟಿನ ಪ್ರೇಕ್ಷಕರಿಗೆ, ಅರವತ್ತು ಪ್ರತಿ. ಬೆನ್ನಿಗೆ ಅಂಟಿಸತಕ್ಕದ್ದು. ಬಡ್ತಿಯ ಪ್ರಸ್ತಾವ ಕೈಬಿಟ್ಟಿರುವುದಕ್ಕೆ ವಿಷಾದವಿದೆ.

೪. ವ್ಯಾನಿನ ಡ್ರೈವರಿಗೆ. ಸಿಳ್ಳೆ ಹೇಗೆ ಹೊಡೆಯುವುದೆಂದು ಗುಮಾಸ್ತರಿಗೆ ಬಿಡುವಿದ್ದಾಗ ಹೇಳಿಕೊಡುವುದು.

೫. ಶಾಲೆಯ ಡ್ರಿಲ್ ಮೇಷ್ಟ್ರಿಗೆ, ಒಂಬತ್ತು ಟೇಕ್‌ಗಳ ಸಮೇತ, ಅವಗಾಹನೆ ಮತ್ತು ಅಗತ್ಯ ಕ್ರಮಕ್ಕಾಗಿ. ಖುದ್ದಾಗಿ ತಲುಪಿಸಲಾಗಿದೆ. ಅವರು ಒಂಬತ್ತನ್ನೂ ನಿಂತುಕೊಂಡೇ ನೋಡಿ, ಎಂಟನೆಯದನ್ನು ಮತ್ತೆ ಹಾಕಿಸಿಕೊಂಡು, ಆಮೇಲೆ ಕುರ್ಚಿ ಹುಡುಕಿ ಕೂತರು. ಸ್ವೀಕೃತಿ ಪುಸ್ತಕದಲ್ಲಿ ಸಹಿಯ ಜಾಗದಲ್ಲಿ ಬರೆದುಕೊಟ್ಟದ್ದು: "ನಾಳೆ ಬೆಳಿಗ್ಗೆ ಏಳಕ್ಕೆ ಮೈದಾನಕ್ಕೆ ಬರೋಕೆ ಹೇಳಿ. ಗೋಲಿಗೆ ಅವಳೇ. ಎಲ್ಲರ ಮುಂದೆ ಬೈದಿದ್ದೆ, ಎಲ್ಲರ ಮುಂದೆಯೇ ತಪ್ಪಾಯ್ತು ಅಂತೀನಿ."

೬. ಗ್ಲೌಸಮ್ಮನಿಗೆ. ಈ ಪ್ರತಿಗಳ ಪಟ್ಟಿಯ ಕ್ರಮಸಂಖ್ಯೆ ಐದನ್ನು ಮಾತ್ರ ಓದಿಕೊಳ್ಳುವುದು, ನಂತರ ಹೊಟ್ಟೆ ತುಂಬ ಊಟ ಮಾಡುವುದು.